ನೂರ ನಲವತ್ತು ಪುಟಗಳ ಉತ್ತರ

ಬಾಗಿಲು ಮತ್ತೊಮ್ಮೆ ಅದುರಿತು. ಚಿಲಕದ ಸ್ಕ್ರೂ ಒಂದು ಕಿತ್ತು ನನ್ನ ಕಾಲ ಬಳಿ ಬಿತ್ತು.

"ಊನಾ! ಮನೆಗೆ ಬಾ. ಮಾತಾಡೋಣ, ಅಷ್ಟೇ!"

ಮಗುವಿನೊಡನೆ ನನ್ನ ಹಿಂದೆ ನಿಂತಿದ್ದ ಊನಾಳ ಗಂಡ ಫಿಂಟನ್. ಕಬ್ಬಿಣದ ಸಲಾಕೆ ಹಿಡಿದು ಮಾತಾಡಲು ಬಂದಿದ್ದ!

ನಾನು ಬ್ರೀಜ್. ಡಬ್ಲಿನ್ ಪೊಲೀಸ್ ಕೆಲಸ ಬಿಟ್ಟ ಮೇಲೆ, ಇಂಥ ಗಂಡಂದಿರಿಂದ ಹೆಂಗಸರನ್ನು ಬಚ್ಚಿಡುವುದೇ ನನ್ನ ಕಸುಬು. ಆತ್ಲೋನ್ ಊರಿನ ಈ ಮನೆ ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

"ವಿಳಾಸ ಯಾರು ಕೊಟ್ರೋ?" ಒಳಗಿನಿಂದಲೇ ಕೇಳಿದೆ.

"ಪೋಸ್ಟ್‌ಮ್ಯಾನ್ ಕಣೇ, ಮುದುಕಿ!" ಬಾಗಿಲಿನ ಪತ್ರದ ಕಿಂಡಿಯಿಂದ ಹಾಳೆಯೊಂದು ಒಳಗೆ ಬಿತ್ತು. "ನೂರ ನಲವತ್ತು ಪುಟ. ಮೊದಲನೇದು ನೋಡು!"

ಊನಾಳ ಕರೆಂಟ್ ಬಿಲ್ಲು. ಈ ಮನೆಯದು.

ಅದು ಅವನ ಕೈಗೆ ಹೇಗೆ ಸಿಕ್ಕಿತೆಂದು ಆಗಲೇ ಹೊಳೆಯಿತು.

ಹನ್ನೊಂದು ವರ್ಷ ಅವನು ಹೇಳಿದ್ದಕ್ಕೆಲ್ಲ ಹೂಂ ಅಂದವಳು ಊನಾ. ಇಲ್ಲಿಗೆ ಬಂದ ಮೇಲೆ, ನಮ್ಮ ಜಾಡು ಹಿಡಿಯುವ ಕುಕಿಗೆ ಒಪ್ಪಿಗೆ ಕೇಳುತ್ತ ಫೋನಿನಲ್ಲಿ ಎದ್ದುಬರುವ ಪ್ರತಿ ಕಿಟಕಿಗೂ ಹಟ ಹಿಡಿದು 'ಬೇಡ' ಒತ್ತುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು ನೀವು! ಆದರೂ ಮಗುವಿನ ಗಾಡಿಯ ಜಾಹೀರಾತು ಬೆನ್ನು ಬಿಡಲಿಲ್ಲ.

"ನಾನಿರೋ ಜಾಗ ಈ ಜಾಹೀರಾತಿನವರಿಗೆ ಗೊತ್ತಾ, ಬ್ರೀಜ್?"

"ಕಾನೂನಿದೆ ಕಣೇ. ನನ್ನ ಬಗ್ಗೆ ಏನೇನು ಇಟ್ಕೊಂಡಿದ್ದೀರಿ ಅಂತ ಜಾಹೀರಾತು ಕಂಪನಿಗೆ ಬರೆದು ಕೇಳು. ಹೇಳಲೇಬೇಕು!"

ಅಂದದ್ದು ನಾನೇ.

ಬರೆದಳು. ನೀವೇ ಊನಾ ಎನ್ನಲು ಪುರಾವೆ ಕೊಡಿ ಎಂದರು. ಬಿಲ್ಲು ಕಳಿಸಿದಳು. ಅವರು ಚಾಚೂ ತಪ್ಪದೆ ಎಲ್ಲ ದಾಖಲೆ ಜೋಡಿಸಿ, ಆ ಬಿಲ್ಲನ್ನೂ ಸೇರಿಸಿ, ಒಟ್ಟು ನೂರ ನಲವತ್ತು ಪುಟವನ್ನು ತಮ್ಮಲ್ಲಿದ್ದ ಹಳೆಯ ವಿಳಾಸಕ್ಕೆ ಅಂಚೆಗೆ ಹಾಕಿದರು.

ಗಂಡನ ಮನೆಗೆ!

ಬಾಗಿಲು ಸೀಳಿತು.

"ಹಿಂದಿನ ಗೋಡೆ ಹಾರು, ಊನಾ!"

ಮಗುವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾನೂ ಹಾರಿದೆ. ಕಾರು ಹೊರಟಿತು. ಕನ್ನಡಿಯಲ್ಲಿ ಅವನ ವ್ಯಾನು... ಹತ್ತಿರ... ಇನ್ನೂ ಹತ್ತಿರ! ರೈಲ್ವೆ ಗೇಟು ಇಳಿಯುತ್ತಿತ್ತು. ಅದರಡಿಯಲ್ಲೇ ಕಾರು ನುಗ್ಗಿಸಿದೆ. ವ್ಯಾನು ಆಚೆಗೆ ಉಳಿಯಿತು.

ಊನಾ ಅಳಲಿಲ್ಲ. "ಎಲ್ಲದಕ್ಕೂ ಬೇಡ ಅಂದೆ, ಬ್ರೀಜ್," ಎಂದಳು. "ಒಂದೂ ಬಿಡಲಿಲ್ಲ."



ಪೊಲೀಸರಿಗೆ ಹೇಳಿದೆ, ಹುಡುಕುತ್ತೇವೆ ಎಂದರು. ಕಂಪನಿಯಲ್ಲಿರುವ ಅವಳ ದಾಖಲೆಯನ್ನಾದರೂ ಅಳಿಸೋಣವೆಂದು, ಜನರ ಗೌಪ್ಯತೆ ಕಾಯುವ ಕಚೇರಿಗೆ ಫೋನಾಯಿಸಿದೆ.

"ದೂರು ಬರ್ಕೋತೀನಿ, ಮೇಡಂ," ಎಂದ ಗುಮಾಸ್ತ. "ಆಕೆ ಈಗಿರೋ ವಿಳಾಸ? ಒಂದು ಪ್ರತಿ ಕಂಪನಿಗೂ ಹೋಗುತ್ತೆ."

"ವಿಳಾಸ ಇಲ್ದೆ ಆಗಲ್ವಾ?"

"ನಿಯಮ, ಮೇಡಂ."

"ಹಾಗಾದ್ರೆ ಅವಳ ಗಂಡನ್ನೇ ಕೇಳಪ್ಪ," ಎಂದೆ. "ನನಗಿಂತ ಮೊದಲು ಅವನಿಗೇ ಗೊತ್ತಾಗುತ್ತೆ!"