ಮೂರು ಶನಿವಾರದ ಸುಳ್ಳು

ಮೊದಲನೇ ದಿನವೇ ನನಗೆ ಗೊತ್ತಾಗಿತ್ತು. ಬಾನೆಟ್ ಎತ್ತಿದೆ, ಆಯಿಲ್ ಫಿಲ್ಟರ್ ಎಡಗಡೆ ಇತ್ತು. ಆ ಹಳೇ ಕಾರಿನಲ್ಲಿ ಫಿಲ್ಟರ್ ಎಡಕ್ಕಿದ್ದರೆ ಆ ಮಾಡೆಲ್ ಬಂದ ಮೊದಲೆರಡು ವರ್ಷದ ಇಂಜಿನ್. ಮೂರನೇ ವರ್ಷದಿಂದ ಕಂಪನಿಯವರು ಅದನ್ನು ಬಲಕ್ಕೆ ಸರಿಸಿದರು. ಆಯಿಲ್ ಸೋರಿಕೆ ನಿಲ್ಲಿಸಲು ಆ ವರ್ಷದ ಇಂಜಿನ್‌ಗೆ ಬೇಕಾದ ಗ್ಯಾಸ್ಕೆಟ್ ನನ್ನ ಗ್ಯಾರೇಜಿನ ಕಪಾಟಿನಲ್ಲೇ ಇತ್ತು. ಅರ್ಧ ದಿನದ ಕೆಲಸ.

ಆದರೆ ಕಾರು ತಂದ ಟೀಚರ್ ನನ್ನ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. ಮುಂಗುರುಳನ್ನು ಕಿವಿಯ ಹಿಂದೆ ಸರಿಸುವಾಗ ಕೆನ್ನೆಗೆ ಗ್ರೀಸ್ ಹತ್ತಿತು.

"ಅಷ್ಟೊತ್ತು ಹಾಗೆ ನೋಡಿದ್ರೆ ಇಂಜಿನ್‌ಗೆ ನಾಚಿಕೆ ಆಗಲ್ವಾ?" ಎಂದು ನಕ್ಕರು.

ನಾನು ನೋಡುತ್ತಿದ್ದದ್ದು ಇಂಜಿನ್ನನ್ನಲ್ಲ. ನನ್ನ ಬುದ್ಧಿಗೆ ಮಂಕು ಕವಿಯಿತು.

"ಯಾವ ವರ್ಷದ್ದು ಅಂತ ಗೊತ್ತಾಗ್ತಿಲ್ಲ ಟೀಚರ್. ಮುಂದಿನ ಶನಿವಾರ ಬನ್ನಿ."

ಬಂದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. "ಅಪ್ಪ ದಿನಾ ಕೇಳ್ತಾರೆ, ತಮ್ಮ ಕಾರು ಯಾವಾಗ ಬರತ್ತೆ ಅಂತ." ಯಾಕೆ ಅಷ್ಟು ಅವಸರ ಎಂದು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಇನ್ನೊಂದು ವಾರ ಹುಡುಕಬೇಕು ಎಂದುಬಿಟ್ಟೆ.

ಮೂರನೇ ಶನಿವಾರ ಅವರ ಮುಖದಲ್ಲಿ ನಗು ಇರಲಿಲ್ಲ.

"ಅಪ್ಪನ ಕಣ್ಣು ಹೋಗ್ತಾ ಇತ್ತು. ಪೂರ್ತಿ ಹೋಗೋದ್ರೊಳಗೆ ಕಾರನ್ನ ಒಂದ್ಸಲ ಬಾಗಿಲಲ್ಲಿ ನೋಡ್ಬೇಕು ಅಂತಿದ್ರು. ಮೊನ್ನೆಯಿಂದ ಏನೂ ಕಾಣ್ತಿಲ್ಲ. ಇನ್ನು ನಿಧಾನಕ್ಕೆ ಮಾಡಿ."

ಅವತ್ತೇ ರಿಪೇರಿ ಮುಗಿಸಿ, ಮರುದಿನ ಬೆಳಿಗ್ಗೆ ಕಾರನ್ನು ಅವರ ಮನೆಗೆ ಒಯ್ದೆ.

ಇಂಜಿನ್ ತಣ್ಣಗಾದ ಮೇಲೆ ಅವರಪ್ಪ ಬಾನೆಟ್ ಎತ್ತಿಸಿ, ಕೈಯಾಡಿಸುತ್ತಾ ಹೋಗಿ ಫಿಲ್ಟರ್ ಹತ್ತಿರ ನಿಲ್ಲಿಸಿದರು.

"ಎಡಗಡೆ. ಇದರ ವರ್ಷ ಹೇಳೋಕೆ ಮೂರು ಶನಿವಾರ ಬೇಕಾಯ್ತಾ ಮೇಸ್ತ್ರಿ?"

"ಮೂರು ನಿಮಿಷಾನೂ ಬೇಕಿರ್ಲಿಲ್ಲ ಸಾರ್. ನಿಮ್ಮ ಮಗಳು ಮತ್ತೆ ಮತ್ತೆ ಬರ್ಲಿ ಅಂತ ಸುಳ್ಳು ಹೇಳ್ದೆ. ಇವರನ್ನ ಕಂಡ್ರೆ ನಂಗೆ ಪ್ರಾಣ. ಅದಕ್ಕೋಸ್ಕರ ನಿಮ್ಮ ಪಾಲಿನ ದಿನಗಳನ್ನ ತಿಂದ್ಬಿಟ್ಟೆ."

ಟೀಚರ್ ಮುಖ ಕಪ್ಪಿಟ್ಟಿತು. ಕೊನೆಗೆ ಅವರಪ್ಪನೇ, "ಓಡಿಸು, ನಾನು ಪಕ್ಕದಲ್ಲಿ ಕೂತ್ಕೋತೀನಿ. ಕಾಣೋದನ್ನೆಲ್ಲ ಹೇಳು. ಇನ್ಮೇಲೆ ಸುಳ್ಳು ಬೇಡ," ಎಂದರು.

ಟೀಚರ್ ಹಿಂದಿನ ಸೀಟಿನಲ್ಲಿ ಕೂತರು. ನಾನು ಬೀದಿ, ಅಂಗಡಿ, ಸೇತುವೆ ಎಲ್ಲವನ್ನೂ ಹೇಳುತ್ತಾ ಹೋದೆ.

"ನನ್ನ ಮಗಳು ಹೇಗಿದ್ದಾಳೆ?"

ಕನ್ನಡಿ ನೋಡಿದೆ.

"ಅತ್ತಿದ್ದಾರೆ ಸಾರ್. ನನ್ನ ಮೇಲೆ ತುಂಬಾ ಕೋಪ ಇದೆ."

"ಮತ್ತೆ?"

"ಕನ್ನಡೀಲಿ ನನ್ನನ್ನೇ ನೋಡ್ತಾ ಇದ್ದಾರೆ."

"ಹೌದೇನಮ್ಮಾ?"

ಅವರು ಕಣ್ಣೊರೆಸಿಕೊಂಡರು, ಕನ್ನಡಿಯಿಂದ ನೋಟ ತೆಗೆಯಲಿಲ್ಲ.

"ಹೌದಪ್ಪಾ," ಎಂದರು.