ಇಲ್ಲದವರ ಹೆಸರಿನ ದಾಳ

“ಇದ್ದವರ ಹೆಸರ್ಲೆ ದಾಳ ಎಷ್ಟರ ಒಗೀರಿ. ಇಲ್ಲದವರ ಹೆಸರ್ಲೆ ಮಾತ್ರ ಒಗೀಬ್ಯಾಡ್ರಿ, ಯವ್ವಾ.”

ಅಟ್ಟದ ಬಾಗಿಲಲ್ಲಿ ನಿಂತು ಕರೆವ್ವ ಹೇಳಿದಾಗ ಸುಶ್ಮಿತಾಗೆ ನಗು ಬಂತು. ಅವಳು ಮೈಸೂರಿನವಳು, ಬ್ಯಾಡಗಿಯ ಕಾಲೇಜಿಗೆ ಹೊಸದಾಗಿ ಬಂದವಳು. ಪ್ರತಿ ಭಾನುವಾರ ಮಧ್ಯಾಹ್ನ ಈ ಅಟ್ಟದಲ್ಲಿ ಕರೆವ್ವನ ಮೊಮ್ಮಗ ವಿಜಯಮಹಾಂತೇಶ, ಅವನ ಗೆಳತಿ ದಿಲನಾಜ, ಅವಳ ತಮ್ಮ ಫಿರೋಜ್ ಇವರನ್ನು ಕೂಡಿಸಿಕೊಂಡು ಕತೆಯಾಟ ಆಡಿಸುತ್ತಿದ್ದಳು. ಕತೆ ಹೇಳುವವಳು ಅವಳು. ಉಳಿದವರು ಕತೆಯೊಳಗಿನ ಪಾತ್ರಗಳು. ಪಾತ್ರ ಗೆಲ್ಲುತ್ತದೋ ಬೀಳುತ್ತದೋ ದಾಳವೇ ಹೇಳಬೇಕು.

ಇವತ್ತು ಆಟದ ದಾಳಗಳೆಲ್ಲ ಫಿರೋಜನ ಚೀಲದಲ್ಲಿದ್ದವು. ಅವನು ರಾಣೇಬೆನ್ನೂರಿನಿಂದ ಬೈಕಿನಲ್ಲಿ ಬರುತ್ತಿದ್ದ. ಕಾದು ಬೇಸತ್ತ ವಿಜಯ ಗೋಡೆಯ ಗೂಡಿನಿಂದ ಹಳೆಯ ಪಗಡೆಯ ದಾಳವೊಂದನ್ನು ತೆಗೆದಿದ್ದ. ಬೆರಳುದ್ದದ ಎಲುಬು. ಮುಟ್ಟಿದರೆ ತಣ್ಣಗಿತ್ತು.

“ನಮ್ಮ ಮಾವ ಮಾಟಾ ಮಾಡಿಸಿದ್ದ ದಾಳ ಅದು,” ಎಂದಳು ಕರೆವ್ವ, ಹೊಸ್ತಿಲು ದಾಟದೆ. “ಎದುರಿಗೆ ಕುಂತವರಿಗೆ ಏನೂ ಆಗಂಗಿಲ್ಲ. ದೂರ ಇದ್ದವರ ಹೆಸರು ಹೇಳಿ ಒಗದ್ರ...” ಉಳಿದದ್ದನ್ನು ನುಂಗಿಕೊಂಡು ಇಳಿದುಹೋದಳು.

“ಅಜ್ಜಿ ನನಗಿಂತ ಚೆನ್ನಾಗಿ ಕತೆ ಕಟ್ತಾರಲ್ಲೋ!” ಸುಶ್ಮಿತಾ ನಕ್ಕಳು. ವಿಜಯನೂ ನಕ್ಕ. ದಿಲನಾಜ ನಗಲಿಲ್ಲ.

ಕೆಳಗೆಲ್ಲ ಮೆಣಸಿನಕಾಯಿಯ ಚೀಲಗಳು. ಘಾಟು ಹಲಗೆಗಳ ಸಂದಿಯಿಂದ ಮೇಲೇರಿ ಗಂಟಲಲ್ಲಿ ಕೂರುತ್ತಿತ್ತು. ಧೂಳು ಬಾರದಿರಲೆಂದು ಕಿಟಕಿಗೆ ಗೋಣಿತಟ್ಟು ಹೊಡೆದಿದ್ದರು. ಕರೆಂಟೂ ಹೋಗಿತ್ತು. ನಡುಹಗಲಿನಲ್ಲೇ ಮೂಲೆಗಳು ಕಾಣುತ್ತಿರಲಿಲ್ಲ.

ಆಟ ಸಾಗಿತು. ಫಿರೋಜನ ಪಾತ್ರದ ಸರದಿ ಬಂತು. ಅವನೊಬ್ಬ ಕುದುರೆ ಸವಾರ. ಮುರುಕು ಸೇತುವೆ ದಾಟಬೇಕು. ಬಾರದವರ ಪರವಾಗಿ ಕತೆ ಹೇಳುವವಳೇ ದಾಳ ಒಗೆಯುವುದು ಅವರ ವಾಡಿಕೆ.

“ಬ್ಯಾಡ್ರಿ ಅಕ್ಕಾರ. ಅವ ಬರ್ಲಿ,” ಎಂದಳು ದಿಲನಾಜ.

“ಸವಾರ ಸತ್ತರೆ ಇನ್ನೊಬ್ಬನನ್ನ ಹುಟ್ಟಿಸೋಣ ಬಿಡೇ. ಫಿರೋಜನ ಹೆಸರಲ್ಲಿ!”

ದಾಳ ಹಲಗೆಯ ಮೇಲೆ ಉರುಳಿತು. ಬಿದ್ದ ಎಣಿಕೆ ಕೂಗುವವನು ವಿಜಯ.

“ಒಂದು.”

ಒಂದೆಂದರೆ ಸೋಲು. “ಕುದುರೆಯ ಮುಂಗಾಲು ಮುರಿಯಿತು,” ಸುಶ್ಮಿತಾ ರಾಗವಾಗಿ ಹೇಳಿದಳು. “ಸವಾರ ಹಳ್ಳಕ್ಕೆ ಬಿದ್ದ.”

ದಿಲನಾಜಳ ಫೋನು ಬಡಿದುಕೊಂಡಿತು. ಫಿರೋಜನ ನಂಬರು. ಸ್ಪೀಕರಿನಲ್ಲಿ ಕೇಳಿದ ದನಿ ಮಾತ್ರ ಯಾರದೋ. “ಮೋಟೆಬೆನ್ನೂರ ಹತ್ರ ರೀ. ಬೈಕಿನ ಮುಂದಿನ ಗಾಲಿ ಕಿತ್ತೈತಿ. ಹುಡುಗ ಸೇತುವೆ ಕೆಳಗ ಬಿದ್ದಾನ. ಉಸಿರು... ಗೊತ್ತಾಗವಲ್ದು ರೀ.”

ದಿಲನಾಜ ಸುಶ್ಮಿತಾಳ ಕೈ ಹಿಡಿದು ದಾಳವನ್ನು ಅಂಗೈಗೆ ಒತ್ತಿದಳು. “ನೀವ ಒಗದೀರಿ. ನೀವ ಉಳಸ್ರಿ!”

ಇಂಥದ್ದನ್ನೆಲ್ಲ ನಂಬದ ಸುಶ್ಮಿತಾ ಬೆರಳು ಮಡಚಿದಳು. ಮುಷ್ಟಿಯೊಳಗೆ ಎಲುಬು ಈಗ ಬೆಚ್ಚಗಿತ್ತು. “ಫಿರೋಜನ ಹೆಸರಲ್ಲಿ... ಅವನು ಉಸಿರಾಡಲಿ.”

ಉರುಳಿತು. ನಿಂತಿತು.

“ಆರು!” ವಿಜಯ ಚೀರಿದ.

ಫೋನಿನಲ್ಲಿ ಕೆಮ್ಮಿದ ಸದ್ದು. “ಕಣ್ಣ ಬಿಟ್ಟಾ ರೀ! ನೀರ ಕೇಳಾಕತ್ಯಾನ!”

ದಿಲನಾಜ ಕುಸಿದು ಕೂತು ಅತ್ತಳು. ಸುಶ್ಮಿತಾ ಸ್ಕೂಟಿಯ ಕೀಲಿ ಹಿಡಿದೆದ್ದಳು. “ನಾನು ಹೋಗ್ತೀನಿ. ವಿಜಯ, ಇವಳ ಜೊತೆಗಿರು.” ಬಾಗಿಲು ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.

ಕಡಿದಾದ ಮರದ ಮೆಟ್ಟಿಲು. ಕತ್ತಲು. ಕೆಳಗಿನಿಂದ ಏರುವ ಘಾಟು. ಅರ್ಧ ಇಳಿದಿದ್ದಳು, ಮೇಲಿನಿಂದ ದಿಲನಾಜಳ ಬಿಕ್ಕುವ ದನಿ ಕೇಳಿತು.

“ಅಕ್ಕಾರ ಅದ ರಸ್ತೆದಾಗ ಒಬ್ಬರ ಹೊಂಟಾರೋ ವಿಜ್ಯಾ. ಅವರಿಗೂ ಒಂದು ಆರು ಒಗೀತೇನಿ.”

“ಲಗೂ ಒಗಿ.”

ಸುಶ್ಮಿತಾ ಗಕ್ಕನೆ ನಿಂತಳು. ನಾನೀಗ ಅಲ್ಲಿಲ್ಲ. ನಾನೀಗ ಇಲ್ಲದವಳು.

ಬೇಡ ಎಂದು ಕೂಗಲು ಬಾಯಿ ತೆರೆದಳು. ಘಾಟು ನುಗ್ಗಿತು. ಗಂಟಲು ಹೊತ್ತಿಕೊಂಡಿತು. ಬರೀ ಕೆಮ್ಮು. ಕಣ್ಣಲ್ಲಿ ಬೆಂಕಿ. ಮತ್ತೆ ಕೆಮ್ಮು.

ಮೇಲೆ ದಿಲನಾಜಳ ಅಂಗೈಗಳ ನಡುವೆ ಎಲುಬು ಕಟಕಟನೆ ಆಡಿತು.

“ಸುಶ್ಮಿತಕ್ಕಾರ ಹೆಸರ್ಲೆ...”

ತಿರುಗಿದಳು. ಮೇಲಿನ ಮೆಟ್ಟಿಲಿಗೆ ಕಾಲೆತ್ತಿದಳು. ತಲೆಯ ಮೇಲಿನ ಹಲಗೆಯಲ್ಲಿ ದಾಳ ಉರುಳಿತು. ಉರುಳುತ್ತಲೇ ಇತ್ತು. ನಿಂತಿತು.

ವಿಜಯ ಎಣಿಕೆ ಕೂಗಲಿಲ್ಲ.

ಎತ್ತಿದ ಕಾಲಿಗೆ ಮೆಟ್ಟಿಲು ಸಿಗಲಿಲ್ಲ.