ಸೋನೆಗಿರಿಯ ಬೆಳೆಯದ ಮಕ್ಕಳು

ಬಹಳ ಹಿಂದೆ ಸೋನೆಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಪಾಠಶಾಲೆಯಲ್ಲಿ ಅರವತ್ತು ಮಕ್ಕಳು ಓದುತ್ತಿದ್ದರು. ಎರಡು ವರ್ಷದಿಂದ ಅವರಲ್ಲಿ ಒಬ್ಬರೂ ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ. ಮಗ್ಗಿ ಹೇಳುತ್ತ ಹೇಳುತ್ತಲೇ ತೂಕಡಿಸಿ ಬೀಳುತ್ತಿದ್ದರು.

ಎರಡು ವರ್ಷದ ಹಿಂದೆ ಧೂಮಾಂಗನೆಂಬ ಮಾಂತ್ರಿಕ ಅರಮನೆಗೆ ಬಂದಿದ್ದ. "ಮಕ್ಕಳ ಊಟದ ಚಿಂತೆ ನನಗಿರಲಿ, ಪ್ರಭು" ಎಂದಿದ್ದ. ಅಂದಿನಿಂದ ದಿನವೂ ಅವನ ಬೆಟ್ಟದಿಂದ ಬಣ್ಣಬಣ್ಣದ ಮಿಠಾಯಿ ಬರುತ್ತಿತ್ತು. ರಾಜ ಪಾಠಶಾಲೆಯ ಅಡುಗೆಮನೆ ಮುಚ್ಚಿಸಿದ. ಮಿಠಾಯಿಯ ರುಚಿ ಹತ್ತಿದ ಮಕ್ಕಳು ಮನೆಯ ಊಟವನ್ನೂ ಮುಟ್ಟದಾದರು.

ಆ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಮಾಳವ್ವ. ಅವಳ ಏಳು ವರ್ಷದ ಮಗಳು ನೀಲಿಯೂ ಅಲ್ಲೇ ಓದುತ್ತಿದ್ದಳು; ಒಂದು ಬೆಳಿಗ್ಗೆ ಹೊಸ್ತಿಲು ದಾಟಲಾರದೆ ಕುಸಿದುಬಿದ್ದಳು. ವೈದ್ಯರು ನಾಡಿ ಹಿಡಿದು ನೋಡಿದರು.

"ಹೊಟ್ಟೆ ತುಂಬಿದೆ, ಮೈ ಉಪವಾಸವಿದೆ. ಇವಳ ಬೆಳವಣಿಗೆಯನ್ನು ಆ ಮಾಂತ್ರಿಕ ಎಳೆದುಕೊಳ್ಳುತ್ತಿದ್ದಾನೆ. ಇನ್ನು ಮೂರು ದಿನ, ತಾಯಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಮಾಳವ್ವ ತಡಮಾಡಲಿಲ್ಲ. ಮಗಳನ್ನು ವೈದ್ಯರಿಗೆ ಒಪ್ಪಿಸಿ, ರಾಗಿರೊಟ್ಟಿ ಮತ್ತು ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಮಾಂತ್ರಿಕನ ಬೆಟ್ಟ ಹತ್ತಿದಳು.

ಮೊದಲ ದಿನ ಅವನ ಗವಿಯ ಕಲ್ಲಿನ ಬಾಗಿಲಲ್ಲಿ ಒಂದು ಹುಲಿ ಅಡ್ಡ ನಿಂತಿತು. "ನಿನ್ನನ್ನು ತಿನ್ನುತ್ತೇನೆ" ಎಂದಿತು. ಅದರ ಪಕ್ಕೆಲುಬುಗಳು ಎಣಿಸುವಂತಿದ್ದವು.

"ನಿನಗೂ ಮಿಠಾಯಿಯನ್ನೇ ಹಾಕುತ್ತಾನಾ?" ಎಂದಳು ಮಾಳವ್ವ.

ಹುಲಿ ತಲೆ ತಗ್ಗಿಸಿತು. ಅವಳು ಮೊಟ್ಟೆಗಳನ್ನೆಲ್ಲ ಅದರ ಮುಂದಿಟ್ಟಳು. ತಿಂದ ಹುಲಿ ಪಕ್ಕಕ್ಕೆ ಸರಿದು ಹೇಳಿತು: "ಒಳಗಿರುವ ಏನನ್ನೂ ಮುಟ್ಟಬೇಡ. ಮುಟ್ಟಿದರೆ ಯಾಕೆ ಬಂದೆ ಅನ್ನುವುದೇ ಮರೆತುಹೋಗುತ್ತದೆ."

ಎರಡನೆಯ ದಿನ ಉದ್ದನೆಯ ಹಜಾರ ಸಿಕ್ಕಿತು. ಎರಡೂ ಬದಿಗೆ ಜಿಲೇಬಿ, ಕೇಸರಿಬಾತು, ಜೇನು. ಹಸಿದ ಅವಳ ಕೈ ತಾನಾಗಿ ಚಾಚಿತು. ಬೆರಳಿಗೆ ಜೇನು ತಾಗಿದ್ದೇ ಮಗಳ ಹೆಸರು ನಾಲಿಗೆಗೆ ಬರದಾಯಿತು! ಹೆದರಿ ಸೆರಗಿನಲ್ಲಿ ಬೆರಳು ಒರೆಸಿಕೊಂಡಳು. "ನೀಲಿ, ನೀಲಿ" ಎಂದು ಒಣರೊಟ್ಟಿ ಕಚ್ಚುತ್ತಲೇ ಹಜಾರ ದಾಟಿದಳು.

ಮೂರನೆಯ ದಿನ ಧೂಮಾಂಗ ಎದುರಾದ. ತೆಂಗಿನ ಮರದಷ್ಟು ಎತ್ತರವಾಗಿದ್ದ. ಅವನ ಹಿಂದೆ ಒಂದೇ ಹಗ್ಗಕ್ಕೆ ಅರವತ್ತು ಮಡಕೆಗಳು ತೂಗುತ್ತಿದ್ದವು.

"ನಿನ್ನ ಮಗಳ ಬೆಳವಣಿಗೆಯ ಮಡಕೆ ಇಗೋ. ತಗೊಂಡು ಹೋಗು, ಉಳಿದವರ ಸುದ್ದಿ ಬೇಡ" ಎಂದು ಒಂದನ್ನು ಬಿಚ್ಚಿ ಕೊಟ್ಟ.

ಮಡಕೆ ಮಗುವಿನ ಅಂಗೈಯಂತೆ ಬೆಚ್ಚಗಿತ್ತು. ಹೊತ್ತು ನೆತ್ತಿಗೇರುತ್ತಿತ್ತು. ಅದನ್ನೆತ್ತಿಕೊಂಡು ಓಡಿಬಿಡೋಣ ಎಂದು ಮಾಳವ್ವ ಎರಡು ಹೆಜ್ಜೆ ಇಟ್ಟಳು. ಕಾಲು ಮುಂದೆ ಹೋಗಲಿಲ್ಲ.

"ಅವರಿಗೂ ಬಡಿಸಿದ್ದು ನಾನೇ ಕಣೋ!" ಎಂದು ತಿರುಗಿ, ಮೈಭಾರವನ್ನೆಲ್ಲ ಹಾಕಿ ಹಗ್ಗ ಜಗ್ಗಿದಳು. ಮಡಕೆಗಳು ಬಿದ್ದು ಒಡೆದವು. ಕೈಯಲ್ಲಿದ್ದುದನ್ನೂ ಕುಕ್ಕಿ ಒಡೆದಳು. ಅರವತ್ತು ಬೆಳಕುಗಳು ಊರಿನತ್ತ ಹಾರಿದವು. ಧೂಮಾಂಗ ಕುಗ್ಗಿ ಕುಗ್ಗಿ ಸಾಸಿವೆಯಷ್ಟಾಗಿ ಗಾಳಿಯಲ್ಲಿ ಹಾರಿಹೋದ.

ಹುಲಿ ಅವಳನ್ನು ಬೆನ್ನ ಮೇಲೆ ಹೊತ್ತು ಊರಿಗೆ ತಂದಿತು. ಆದರೆ ಬೆಳಕುಗಳು ಮಕ್ಕಳ ತಲೆಯ ಮೇಲೆಯೇ ಸುತ್ತುತ್ತಿದ್ದವು, ಒಳಗಿಳಿಯುತ್ತಿರಲಿಲ್ಲ.

"ಮೈಯಲ್ಲಿ ಕಸುವಿಲ್ಲದೆ ಅವು ಎಲ್ಲಿ ನಿಂತಾವು? ಸಂಜೆಯೊಳಗೆ ಉಣ್ಣಿಸು" ಎಂದರು ವೈದ್ಯರು.

ಮಾಳವ್ವ ಪಾಠಶಾಲೆಯ ಒಲೆ ಹೊತ್ತಿಸಿದಳು. ಹೆಸರುಬೇಳೆ, ನುಗ್ಗೆಸೊಪ್ಪು, ಬಿಸಿ ಮುದ್ದೆ. ನೀಲಿ ಮೊದಲ ತುತ್ತು ಉಗಿದಳು. ಎರಡನೆಯದನ್ನೂ ಉಗಿದಳು. ಬೆಳಕು ಮಂಕಾಗತೊಡಗಿತು.

"ಒಂದೇ ತುತ್ತು, ನನ್ನವ್ವಾ."

ನೀಲಿ ಅಮ್ಮನ ಕಣ್ಣೀರು ನೋಡಿದಳು. ಕಣ್ಣು ಮುಚ್ಚಿ ನುಂಗಿದಳು. ಬೆಳಕು ಮೆಲ್ಲಗೆ ಅವಳ ನೆತ್ತಿಗಿಳಿಯಿತು.

"ಇನ್ನೊಂದು ತುತ್ತು ಕೊಡವ್ವ" ಎಂದಳು.

ಅವಳನ್ನು ನೋಡಿ ಉಳಿದ ಮಕ್ಕಳೂ ತಟ್ಟೆ ಎಳೆದುಕೊಂಡರು. ರಾಜ ನಾಚಿಕೊಂಡು ಮಾಳವ್ವನ ಕ್ಷಮೆ ಕೇಳಿದ; ಮಕ್ಕಳ ಪಂಕ್ತಿಯಲ್ಲೇ ನೆಲಕ್ಕೆ ಕೂತು ಉಂಡ. ಮುಂದಿನ ಯುಗಾದಿಗೆ ಅರವತ್ತು ಮಕ್ಕಳ ಅಂಗಿಯೂ ಗಿಡ್ಡವಾಗಿ, ಸೋನೆಗಿರಿಯ ದರ್ಜಿಗಳಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲ. ಎಲ್ಲರೂ ಉಂಡುಟ್ಟು ನಗುನಗುತ್ತ ಬಾಳಿದರು.